ಅಣ್ಣಾ ನಗರದ ವಿದೇಶಿ ಆಟಗಾರ್ತಿ

ನನಗೆ ಚೆಸ್ ಬರುವುದಿಲ್ಲ. ಕಲಿಸುತ್ತೇನೆಂದು ಬಂದವರನ್ನು ನಾನೇ ಗದರಿಸಿ ಕಳಿಸಿದ್ದೇನೆ. ಬೀದಿಗೊಂದು ಚೆಸ್ ಕ್ಲಾಸ್ ಇರುವ ಚೆನ್ನೈನಲ್ಲಿ ಹುಟ್ಟಿ ಬೆಳೆದೂ ಕುದುರೆ ಯಾವ ಕಡೆಗೆ ನೆಗೆಯುತ್ತದೆ ಎಂದು ತಿಳಿಯದವಳು ನಾನೊಬ್ಬಳೇ ಇರಬೇಕು. ಆದರೆ ಚೆಸ್ ಆಡುವವರು ಯಾವ ದೇಶದವರು ಎಂಬುದು ಹೇಗೆ ತೀರ್ಮಾನವಾಗುತ್ತದೆ ಎಂದು ಕೇಳಿ ನೋಡಿ, ನಿಮ್ಮ ಕಾಫಿ ಆರಿಹೋಗುವಷ್ಟು ಹೊತ್ತು ಹೇಳುತ್ತೇನೆ. ಈ ವಿದ್ಯೆ ನನಗೆ ಅಂಟಿದ್ದು ನನ್ನ ಚಿಕ್ಕಮ್ಮನಿಂದ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಮೈಸೂರಿನಲ್ಲಿ ಮದುವೆಯಾಗಿ, ಕೈಯ ಮದರಂಗಿ ಮಾಸುವ ಮೊದಲೇ ಗಂಡನ ಜೊತೆ ಝಾಂಬಿಯಾಕ್ಕೆ ಹೊರಟುಹೋದವಳು. ಚಿಕ್ಕಪ್ಪ ಲುಸಾಕಾದ ಒಂದು ಕಾಲೇಜಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದರು. ಇಬ್ಬರೂ ಅಲ್ಲೇ ಮಧ್ಯವಯಸ್ಸು ದಾಟಿ, ಚಿಕ್ಕಪ್ಪ ನಿವೃತ್ತರಾದ ಮೇಲೆ, ಎರಡು ಸಾವಿರದ ಇಸವಿಯ ಆಚೀಚೆ ಹಿಂದಿರುಗಿದರು. ಮೈಸೂರಿಗೆ ಹೋಗುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರೆ ಇಲ್ಲೇ ಚೆನ್ನೈನ ಗಿಂಡಿಯ ಒಂದು ಕಾರ್ಖಾನೆಯಲ್ಲಿ ಚಿಕ್ಕಪ್ಪನ ಹಳೆಯ ಗೆಳೆಯರು ಅವರಿಗೊಂದು ಕುರ್ಚಿ ಹಾಕಿಕೊಟ್ಟರು. ಅಪ್ಪನ ಬ್ಯಾಂಕ್ ಕೆಲಸದಿಂದಾಗಿ ನಾವು ಮೊದಲೇ ಅಣ್ಣಾ ನಗರದಲ್ಲಿ ಬೇರು ಬಿಟ್ಟಿದ್ದೆವು. ಹಾಗಾಗಿ ಅವರೂ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಫ್ಲ್ಯಾಟು ಹಿಡಿದರು.

ಆಫ್ರಿಕಾದಿಂದ ತಂಗಿ ಏನೇನು ತರುತ್ತಾಳೋ ಎಂದು ಅಮ್ಮ ಕಾದು ಕೂತಿದ್ದಳು. ಪೆಟ್ಟಿಗೆ ತೆರೆದರೆ ಅದರಲ್ಲಿ ಮುದ್ದೆ ತಿರುವುವ ಉದ್ದನೆಯ ಮರದ ಸೌಟು, ಸುರುಳಿ ಸುತ್ತಿದ ಚೆಸ್ ಹಾಸು, ಆಟದ ಹೊತ್ತು ಅಳೆಯುವ ಎರಡು ಮುಖದ ಗಡಿಯಾರ. "ಅಲ್ಲೂ ಮುದ್ದೇನೇ ಕಣೇ ಅಕ್ಕ, ರಾಗಿ ಬದಲು ಮುಸುಕಿನ ಜೋಳದ್ದು ಅಷ್ಟೆ," ಎಂದಳು ಚಿಕ್ಕಮ್ಮ. ಅಮ್ಮನ ಮುಖ ಸಪ್ಪಗಾಯಿತು. ಆ ಗಡಿಯಾರವನ್ನು ಮಾತ್ರ ನನ್ನ ಮಗಳು ಒಂದು ವಾರ ಕೈಬಿಡಲಿಲ್ಲ.

ನಾನಾಗ ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ನನ್ನ ಹತ್ತಿರ ಒಂದು ಸ್ಕೂಟಿ ಇತ್ತು, ಚಿಕ್ಕಮ್ಮನಿಗೆ ತಮಿಳು ಬರುತ್ತಿರಲಿಲ್ಲ. ಈ ಎರಡು ಕಾರಣಕ್ಕೆ ಅವಳನ್ನು ಊರೆಲ್ಲ ಸುತ್ತಿಸುವ ಕೆಲಸ ನನ್ನ ತಲೆಗೆ ಕಟ್ಟಿದರು. ತಮಿಳು ಕಲಿ ಎಂದು ನಾನು ದಿನವೂ ಗೊಣಗುತ್ತಿದ್ದೆ. "ಈ ವಯಸ್ಸಲ್ಲಿ ನಾಲಿಗೆ ತಿರುಗಲ್ಲ ಕಣೇ, ನೀನಿದೀಯಲ್ಲ," ಎಂದು ಅವಳು ಹಿಂದಿನ ಸೀಟಿನಲ್ಲಿ ಸೀರೆ ಸೆರಗು ಸಿಕ್ಕಿಸಿಕೊಂಡು ಮಹಾರಾಣಿಯ ಹಾಗೆ ಕೂರುತ್ತಿದ್ದಳು. ನನ್ನ ಮಗಳು ಅವಳ ಜೊತೆ ತಮಿಳಿನಲ್ಲಿ ಮಾತಾಡುವಳು, ಅವಳು ಕನ್ನಡದಲ್ಲಿ ಉತ್ತರ ಕೊಡುವಳು, ಇಬ್ಬರೂ ಜಗಳವಿಲ್ಲದೆ ಚೆಸ್ ಆಡುವರು.

ಅವಳು ಬರೀ ಮನೆಯಲ್ಲಿ ಆಡುವವಳಲ್ಲ ಎಂಬುದು ನನಗೆ ತಿಳಿದದ್ದು ನುಂಗಂಬಾಕ್ಕಂನ ಒಂದು ಸಭಾಂಗಣದಲ್ಲಿ. ಅಲ್ಲಿ ಯಾರು ಬೇಕಾದರೂ ಸೇರಬಹುದಾದ ಒಂದು ದೊಡ್ಡ ಪಂದ್ಯಾವಳಿ ನಡೆಯಿತು. ಚಿಕ್ಕಮ್ಮ ಹೆಸರು ಕೊಟ್ಟಿದ್ದಳು. ಸಾಲಾಗಿ ಮೇಜುಗಳು, ಪ್ರತಿ ಮೇಜಿನ ಮೇಲೆ ಆಟಗಾರನ ಹೆಸರಿನ ಚೀಟಿ, ಪಕ್ಕದಲ್ಲಿ ಅಂಗೈಯಗಲದ ಬಾವುಟ. ಎಲ್ಲರ ಮುಂದೆಯೂ ಭಾರತದ ಬಾವುಟ. ಚಿಕ್ಕಮ್ಮನ ಮುಂದೆ ಮಾತ್ರ ಹಸಿರು ಬಟ್ಟೆ, ಮೂಲೆಯಲ್ಲಿ ಕೆಂಪು, ಕಪ್ಪು, ಕಿತ್ತಳೆ ಪಟ್ಟಿ, ಅದರ ಮೇಲೊಂದು ಹದ್ದು.

ಯಾರೋ ತಪ್ಪಿ ಇಟ್ಟಿದ್ದಾರೆಂದು ನನ್ನ ಪಿತ್ತ ನೆತ್ತಿಗೇರಿತು. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ನೆಟ್ಟಗೆ ಸಂಘಟಕರ ಮೇಜಿಗೆ ಹೋಗಿ, ನಮ್ಮ ಚಿಕ್ಕಮ್ಮ ಮೈಸೂರಿನವರು, ಮದುವೆಯಾಗಿ ಹೋದ ಮೇಲೂ ಭಾರತದ ಪಾಸ್‌ಪೋರ್ಟನ್ನೇ ಇವತ್ತಿನವರೆಗೂ ಇಟ್ಟುಕೊಂಡಿದ್ದಾರೆ, ಈ ಹದ್ದನ್ನು ತೆಗೆಯಿರಿ ಎಂದು ತಮಿಳಿನಲ್ಲಿ ತರಾಟೆಗೆ ತೆಗೆದುಕೊಂಡೆ. ಅಲ್ಲಿದ್ದವರು ಚೆಸ್ ಸಂಘದ ಸೆಕ್ರೆಟರಿ, ಬಿಳಿ ಅಂಗಿ, ವಿಭೂತಿ, ಜೇಬಿನಲ್ಲಿ ಮೂರು ಪೆನ್ನು. ನಾನು ಬೈದು ಮುಗಿಸುವವರೆಗೂ ತಾಳ್ಮೆಯಿಂದ ಕೂತಿದ್ದು, ಆಮೇಲೆ ಹೇಳಿದರು.

"ಪಾಸ್‌ಪೋರ್ಟ್ ಬೇರೆ, ಚೆಸ್ ಬೇರೆ ಅಮ್ಮಾ. ವಿಶ್ವ ಚೆಸ್ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಚಿಕ್ಕಮ್ಮನಿಗೆ ಒಂದು ನಂಬರ್ ಇದೆ, ನಂಬರ್ ಪಕ್ಕ ಒಂದು ದೇಶ ಇದೆ. ಅವರನ್ನ ಮೊದಲು ಅಲ್ಲಿಗೆ ಸೇರಿಸಿದ್ದು ಝಾಂಬಿಯಾದವರು. ಬದಲಾಯಿಸೋ ತನಕ ಅವರು ಝಾಂಬಿಯಾದವರೇ. ತಿರುವಳ್ಳೂರಲ್ಲಿ ಕೂತು ಆಡಿದರೂ ಝಾಂಬಿಯಾ."

ನಾನು ಬೆಪ್ಪಾಗಿ ಹಿಂದಿರುಗಿದೆ. ಆಟ ಮುಗಿದ ಮೇಲೆ ಚಿಕ್ಕಮ್ಮನನ್ನು ಹಿಡಿದು ಕೇಳಿದೆ, ಅಷ್ಟೊಂದು ದೇಶಗಳಿರುವಾಗ ಅದನ್ನೇ ಯಾಕೆ ಆರಿಸಿಕೊಂಡೆ ಎಂದು.

"ಆರಿಸೋದೆಲ್ಲಿಂದ ಬಂತು? ಸಾಯಂಕಾಲ ಇವರ ಜೊತೆ ಕ್ಲಬ್ಬಿಗೆ ಹೋಗಿ ನಾನೂ ಆಡ್ತಿದ್ದೆ. ಆ ದೇಶದ ಹೆಂಗಸರ ತಂಡಕ್ಕೆ ಒಬ್ಬಳು ಕಮ್ಮಿ ಬಿದ್ಲು. ನಾನು ಅಲ್ಲೇ ಟೀ ಕುಡೀತಾ ಕೂತಿದ್ದೆ. ಬಾಮ್ಮ ಅಂದ್ರು, ಹೋದೆ."

ಹಾಗೆ ಹೋದವಳು ಎಷ್ಟೋ ವರ್ಷ ಆ ತಂಡದಲ್ಲಿ ಆಡಿದ್ದಳು. ಊರೂರು ತಿರುಗಿದ್ದಳು. ನಮಗೆ ಬರೆಯುವ ಕಾಗದಗಳಲ್ಲಿ ಮಾತ್ರ ಉಪ್ಪಿನಕಾಯಿಯ ಅಳತೆ ಕೇಳುವುದು ಬಿಟ್ಟು ಇದರ ಸುದ್ದಿಯನ್ನೇ ಎತ್ತಿರಲಿಲ್ಲ. ನಾನು ಅದಕ್ಕೂ ರೇಗಿದೆ.

ಮನೆಗೆ ಬರುವಾಗ ಸಿಗ್ನಲ್‌ನಲ್ಲಿ ನಿಂತಿದ್ದೆವು. ಹಿಂದಿನಿಂದ ಅವಳು ನನ್ನ ಭುಜ ತಟ್ಟಿದಳು. "ಇವತ್ತು ಒಂಥರಾ ಆಯ್ತು ಕಣೇ. ನಮ್ಮ ಬಾವುಟ ಎದುರುಗಡೆ ಇಟ್ಕೊಂಡು, ಅದನ್ನ ಸೋಲಿಸೋಕೆ ನೋಡ್ತಾ ಕೂತಿದೀನಿ. ಅಲ್ಲಿದ್ದಾಗ ಏನೂ ಅನ್ನಿಸ್ತಿರಲಿಲ್ಲ. ಒಂದ್ಸಲನಾದ್ರೂ ಇಲ್ಲಿಯವಳಾಗಿ ಆಡಬೇಕು. ನಮ್ಮ ದೇಶದ ಹೆಂಗಸರ ಚಾಂಪಿಯನ್‌ಶಿಪ್ ಇರತ್ತಲ್ಲ, ಅದರಲ್ಲಿ ಕೊನೇ ಮೇಜಾದ್ರೂ ಪರವಾಗಿಲ್ಲ."

ಅರವತ್ತು ದಾಟಿದ ಹೆಂಗಸು, ಸಕ್ಕರೆ ಕಾಯಿಲೆ ಬೇರೆ, ಒಂದು ಕಣ್ಣಿಗೆ ಪೊರೆ. ನಾನು ತಿರುಗಿ ಅವಳ ಮುಖ ನೋಡಿದೆ. ಅಷ್ಟರಲ್ಲಿ ಸಿಗ್ನಲ್ ಬಿಟ್ಟು, ಹಿಂದಿನ ಆಟೋದವನು ಹಾರ್ನ್ ಒತ್ತಿ ಬೈದ.

ದೇಶ ಬದಲಾಯಿಸುವುದನ್ನು ನಾನು ಗ್ಯಾಸ್ ಕನೆಕ್ಷನ್ ಬದಲಾಯಿಸಿದಷ್ಟು ಸುಲಭ ಎಂದುಕೊಂಡಿದ್ದೆ. ಮರುವಾರವೇ ಅವಳನ್ನು ಕೂರಿಸಿಕೊಂಡು ಸೆಕ್ರೆಟರಿಯವರ ಆಫೀಸಿಗೆ ಹೋದೆ. ಆಫೀಸೆಂದರೆ ಒಂದು ಕ್ರೀಡಾಂಗಣದ ಮೆಟ್ಟಿಲ ಕೆಳಗಿನ ಕೋಣೆ. ಹಳೆಯ ದೇಶ ಬಿಟ್ಟುಕೊಡಬೇಕು, ಹೊಸ ದೇಶ ಒಪ್ಪಿಕೊಳ್ಳಬೇಕು, ಆಮೇಲೆ ವಿಶ್ವ ಚೆಸ್ ಸಂಸ್ಥೆ ತನ್ನ ಪಟ್ಟಿಯಲ್ಲಿ ಹೆಸರಿನ ಪಕ್ಕ ಇರುವ ದೇಶದ ಗುರುತಿನ ಮೂರಕ್ಷರ ಬದಲಾಯಿಸಬೇಕು ಎಂದು ಅವರು ವಿವರಿಸಿದರು. ಅದು ನನಗೆ ಅರ್ಥವಾಯಿತು. ಅರ್ಥವಾಗದೆ ಹೋದದ್ದು ಮುಂದಿನ ಪ್ರಶ್ನೆ.

"ಯಾವ ಜಿಲ್ಲೆ?"

"ಜಿಲ್ಲೆ ಯಾಕೆ ಸಾರ್? ನಾವು ಕೇಳ್ತಿರೋದು ದೇಶ."

"ದೇಶಕ್ಕೆ ನೇರವಾಗಿ ಸೇರೋಕಾಗಲ್ಲ ಅಮ್ಮಾ. ಜಿಲ್ಲೆಯಲ್ಲಿ ಸೇರಬೇಕು, ಜಿಲ್ಲೆಯಲ್ಲಿ ಆಡಿ ರಾಜ್ಯಕ್ಕೆ ಬರಬೇಕು, ರಾಜ್ಯದಿಂದ ದೇಶ."

ಚಿಕ್ಕಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಒಂದು ಕ್ಷಣವೂ ಯೋಚಿಸದೆ ಮೈಸೂರು ಎಂದಳು. ನಮ್ಮ ಜನಕ್ಕೆ ಅದೊಂದು ಚಟ. ಮದ್ರಾಸಿಗೆ ಬಂದು ಎರಡು ತಲೆಮಾರು ಕಳೆದಿರುತ್ತದೆ, ಮಕ್ಕಳು ಕನ್ನಡ ಓದಲಾರರು, ಆದರೂ ಊರು ಯಾವುದೆಂದರೆ ಮೈಸೂರು, ಮಂಡ್ಯ, ಹಾಸನ. ಚೆನ್ನೈ ಎಂದು ಬಾಯಿ ತಪ್ಪಿಯೂ ಬರುವುದಿಲ್ಲ. ಸೆಕ್ರೆಟರಿ ತಲೆ ಅಲ್ಲಾಡಿಸಿದರು. ಮೈಸೂರಾದರೆ ಅದು ಬೇರೆ ರಾಜ್ಯ, ನೀವು ಅಲ್ಲೇ ಹೋಗಿ ಕೇಳಬೇಕು, ಆದರೆ ವಾಸ ಇಲ್ಲಿರುವಾಗ ಅವರು ಒಪ್ಪುವುದಿಲ್ಲ ಎಂದರು. ಮನೆಯಲ್ಲಿ ಈ ವಿಷಯ ಕೇಳಿ ಅಮ್ಮ ಕೆಂಡವಾದಳು. "ತವರು ಬಿಟ್ಟು ಇನ್ನೆಲ್ಲೋ ಹೆಸರು ಬರೆಸ್ತೀಯೇನೇ?" ಎಂದು ತಂಗಿಯ ಜೊತೆ ಎರಡು ದಿನ ಮಾತು ಬಿಟ್ಟಳು. ಚಿಕ್ಕಪ್ಪ ಪೇಪರಿನ ಹಿಂದೆ ಅಡಗಿ ಕೂತರು.

ಚಿಕ್ಕಮ್ಮ ಕೊನೆಗೂ ಚೆನ್ನೈ ಜಿಲ್ಲೆ ಎಂದೇ ಬರೆಸಿದಳು. ಬರೆಸಿ ಹೊರಗೆ ಬಂದು, "ಏನೋ ತಪ್ಪು ಮಾಡಿದ ಹಾಗಿದೆ ಕಣೇ," ಎಂದಳು. ಲುಸಾಕಾದಿಂದ ಒಪ್ಪಿಗೆ ಬರುವುದು ತಡವಾಗಲಿಲ್ಲ. ಅಲ್ಲಿನ ಕ್ಲಬ್ಬಿನವರು, ನಿನ್ನ ಕುರ್ಚಿಯಲ್ಲಿ ಈಗ ಹದಿನಾರರ ಹುಡುಗಿಯೊಬ್ಬಳು ಕೂರುತ್ತಾಳೆ, ಅವಳಿಗೂ ನಿನ್ನ ಹಾಗೆ ಗಡಿಯಾರ ನೋಡುವ ಅಭ್ಯಾಸವಿಲ್ಲ ಎಂದು ಮೇಲ್ ಕಳಿಸಿದ್ದರು. ಬ್ರೌಸಿಂಗ್ ಸೆಂಟರ್‌ನಲ್ಲಿ ನಾನು ಅದನ್ನು ಓದಿ ಹೇಳಿದೆ. ಚಿಕ್ಕಮ್ಮ ಇನ್ನೊಂದು ಸಲ ಓದು ಎಂದಳು. ಇನ್ನು ಉಳಿದದ್ದು ಇಲ್ಲಿಂದ ಕಾಗದ ಮುಂದೆ ಹೋಗುವುದು. ಜಿಲ್ಲಾ ಆಯ್ಕೆಯ ಆಟಕ್ಕೆ ಇನ್ನೂ ಕಾಲವಿತ್ತು. ಈ ವರ್ಷವೇ ಆಡಬಹುದು ಎಂದು ಇಬ್ಬರೂ ಹಿಗ್ಗಿದೆವು.

ಆಗಲೇ ಸೆಕ್ರೆಟರಿ ನಮ್ಮ ಮನೆ ಬಾಗಿಲಿಗೆ ಬಂದರು. ಜೊತೆಯಲ್ಲಿ ಹತ್ತೊಂಬತ್ತರ ಒಬ್ಬ ಹುಡುಗಿ, ಅವಳ ತಾಯಿ. ಪೆರಂಬೂರಿನವರು. ಹುಡುಗಿ ಹೆಂಗಸರ ಇಂಟರ್‌ನ್ಯಾಷನಲ್ ಮಾಸ್ಟರ್ ಬಿರುದಿಗೆ ಹತ್ತಿರವಿದ್ದಳು. ಅದಕ್ಕೆ ದೊಡ್ಡ ಪಂದ್ಯಗಳಲ್ಲಿ ಮೂರು ಸಲ ನಿಗದಿಯಾದಷ್ಟು ಚೆನ್ನಾಗಿ ಆಡಿ ತೋರಿಸಬೇಕು. ಅದನ್ನು ಅವರು ನಾರ್ಮ್ ಎನ್ನುತ್ತಾರೆ. ಅವಳದು ಎರಡಾಗಿತ್ತು, ಒಂದು ಬಾಕಿ. ಅವಳಂಥವರಿಗಾಗಿಯೇ ಸೆಕ್ರೆಟರಿ ಚೆನ್ನೈನಲ್ಲೇ ಒಂದು ಸಣ್ಣ ಪಂದ್ಯ ಏರ್ಪಡಿಸಿದ್ದರು. ತೊಡಕು ಒಂದೇ. ಅಂಥ ಪಂದ್ಯದಲ್ಲಿ ಕನಿಷ್ಠ ಮೂರು ದೇಶದವರು ಇರಬೇಕು. ಭಾರತ ಇತ್ತು. ಶ್ರೀಲಂಕಾದಿಂದ ಒಬ್ಬಳು ಬರುತ್ತಿದ್ದಳು. ಮೂರನೆಯ ದೇಶ ಬರುತ್ತೇನೆಂದು ಹೇಳಿ ಕೈ ಕೊಟ್ಟಿತ್ತು.

ಮೂರನೆಯ ದೇಶ ಅಣ್ಣಾ ನಗರದ ನಮ್ಮ ಮನೆಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿತ್ತು.

"ಅಮ್ಮಾ, ಇನ್ನೊಂದು ಮೂರು ತಿಂಗಳು ಝಾಂಬಿಯಾದವರಾಗೇ ಇರಿ," ಎಂದು ಸೆಕ್ರೆಟರಿ ಕೈಮುಗಿದರು. ಮೂರು ತಿಂಗಳೆಂದರೆ ಜಿಲ್ಲಾ ಆಯ್ಕೆ ಕಳೆದುಹೋಗುತ್ತದೆ, ಅಂದರೆ ಒಂದು ವರ್ಷ. ನಾನು ಬಾಯಿಗೆ ಬಂದಂತೆ ಹೇಳಿದೆ. ನಿಮಗೆ ಬೇಕಾದಾಗ ವಿದೇಶದವರು, ಬೇಡವಾದಾಗ ಜಿಲ್ಲೆಯವರು, ನಮ್ಮ ಚಿಕ್ಕಮ್ಮನೇನು ಊಟದ ಪಂಕ್ತಿಯ ಕೊನೆಗೆ ಲೆಕ್ಕ ತುಂಬಿಸಲು ಹಾಕುವ ಎಲೆಯೇ ಎಂದು. ಹುಡುಗಿಯ ತಾಯಿ ತಲೆ ತಗ್ಗಿಸಿದಳು. ಹುಡುಗಿ ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ಟೀಪಾಯಿಯ ಮೇಲೆ ನನ್ನ ಮಗಳು ಅರ್ಧ ಆಡಿ ಬಿಟ್ಟ ಆಟವಿತ್ತು. ಅವಳ ಕಣ್ಣು ಅದರ ಮೇಲೆಯೇ ಇತ್ತು.

ಚಿಕ್ಕಮ್ಮ ಅದನ್ನು ಗಮನಿಸಿದಳು. "ಕಪ್ಪಿಗೆ ಏನು ಮಾಡಬೇಕು ಅಂತೀಯಾ?" ಎಂದು ಕನ್ನಡದಲ್ಲಿ ಕೇಳಿದಳು. ಹುಡುಗಿಗೆ ಅರ್ಥವಾಯಿತೋ ಇಲ್ಲವೋ, ಕೈ ಚಾಚಿ ಒಂದು ಕಾಯಿ ಸರಿಸಿದಳು. ಚಿಕ್ಕಮ್ಮ ಇನ್ನೊಂದು ಸರಿಸಿದಳು. ನಾನು, ಸೆಕ್ರೆಟರಿ, ಆ ತಾಯಿ ಮೂವರೂ ಕಾಫಿ ಲೋಟ ಹಿಡಿದು ಅರ್ಧ ಗಂಟೆ ಅವರ ಆಟ ನೋಡುತ್ತಾ ಕೂತೆವು. ಕೊನೆಗೆ ಚಿಕ್ಕಮ್ಮ ತಲೆ ಎತ್ತಿ, "ಮುಂದಿನ ವರ್ಷ ನೋಡೋಣ ಅಂತ ಹೇಳು ಅವರಿಗೆ," ಎಂದಳು. ನಾನು ಹೇಳಲಿಲ್ಲ. ಅವಳೇ ಕೈಸನ್ನೆಯಲ್ಲಿ ಹೇಳಿದಳು.

ಅವರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. "ಅಲ್ಲೂ ಲೆಕ್ಕ ತುಂಬಿಸೋಕೆ ಹೋದೆ, ಇಲ್ಲೂ ಅದೇ. ನಿನಗೆ ಬೇಜಾರಾಗಲ್ವೇ?"

"ಆಗತ್ತೆ ಕಣೇ," ಎಂದಳು ಚಿಕ್ಕಮ್ಮ. ಅಷ್ಟೇ ಹೇಳಿ ಹುರುಳಿಕಾಯಿಗೆ ಒಗ್ಗರಣೆ ಹಾಕಿದಳು.

ಆ ಬೇಸಿಗೆ ಮದ್ರಾಸಿನಲ್ಲಿ ನೀರಿಲ್ಲ. ನಲ್ಲಿ ಒಣಗಿ, ಬೀದಿಗೆ ತಣ್ಣಿ ಲಾರಿ ಬರುವುದನ್ನು ಕಾಯಬೇಕು. ಕೆಂಪು, ಹಸಿರು, ಹಳದಿ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ಇಟ್ಟು, ಅದರ ಪಕ್ಕ ನಾವು ನಿಂತು, ಸಾಲು ತಪ್ಪಿಸಿದವರ ಜೊತೆ ಜಗಳವಾಡಬೇಕು. ಆ ಕಲೆಯಲ್ಲಿ ನಮ್ಮ ಬೀದಿಗೇ ನಾನು ಮುಂದು. ಪಂದ್ಯದ ಮೊದಲ ದಿನ ಬೆಳಿಗ್ಗೆ ಸಾಲಿನಲ್ಲಿ ನಾನು, ಚಿಕ್ಕಮ್ಮ ಇಬ್ಬರೂ ನಿಂತಿದ್ದಾಗ ಒಬ್ಬ ತಮಿಳು ಪತ್ರಿಕೆಯವನು ಕ್ಯಾಮರಾ ನೇತುಹಾಕಿಕೊಂಡು ಬಂದ. ಝಾಂಬಿಯಾದ ಆಟಗಾರ್ತಿ ಇಲ್ಲೆಲ್ಲೋ ಇಳಿದುಕೊಂಡಿದ್ದಾರಂತೆ, ನೋಡಿದ್ದೀರಾ ಎಂದು ನನ್ನನ್ನೇ ಕೇಳಿದ. ನಾನು ಚಿಕ್ಕಮ್ಮನ ಕಡೆ ಬೆರಳು ತೋರಿಸಿದೆ. ಸೊಂಟದಲ್ಲಿ ಹಳದಿ ಕೊಡ, ಹಣೆಯಲ್ಲಿ ಕಾಸಿನಗಲ ಕುಂಕುಮ, ಕೆದರಿದ ಜಡೆ. ಅವನು ನಾನು ತಮಾಷೆ ಮಾಡುತ್ತಿದ್ದೇನೆಂದು ಮುಖ ಗಂಟಿಕ್ಕಿ ಮುಂದೆ ಹೋದ. ನಾವಿಬ್ಬರೂ ನಕ್ಕ ರಭಸಕ್ಕೆ ಕೊಡದ ನೀರು ಅರ್ಧ ಚೆಲ್ಲಿತು. ಹಿಂದಿನವಳು ನಮ್ಮಿಬ್ಬರಿಗೂ ಸೇರಿಸಿ ಉಗಿದಳು.

ವಿದೇಶಿ ಆಟಗಾರ್ತಿಗೆ ಹೋಟೆಲಿನಲ್ಲಿ ಕೋಣೆ ಕೊಡಬೇಕೆಂದು ನಿಯಮ. ಮನೆ ಸ್ಕೂಟಿಯಲ್ಲಿ ಹೋದರೆ ಹತ್ತಿರದಲ್ಲೇ ಇದೆ ಎಂದರೂ ಸೆಕ್ರೆಟರಿ ಕೇಳಲಿಲ್ಲ, ನುಂಗಂಬಾಕ್ಕಂನಲ್ಲಿ ಎ.ಸಿ. ಕೋಣೆ ಹಿಡಿದಿದ್ದರು. ಚಿಕ್ಕಮ್ಮ ಅಲ್ಲಿ ಒಂದು ಹೊತ್ತೂ ಮಲಗಲಿಲ್ಲ. ನಾವು ಆ ಕೋಣೆಯನ್ನು ಬಿಟ್ಟೇವೇ? ಚಿಕ್ಕಪ್ಪ ಗಿಂಡಿಗೆ ರಜೆ ಹಾಕಿ ಅಲ್ಲೇ ಕ್ರಿಕೆಟ್ ನೋಡುತ್ತಾ ಮಲಗಿದರು. ಅಮ್ಮ ಬಕೆಟ್ ಬಕೆಟ್ ನೀರು ಸುರಿದುಕೊಂಡು ತಲೆಗೆ ಸ್ನಾನ ಮಾಡಿದಳು, ಬರುವಾಗ ಒಗೆಯುವ ಬಟ್ಟೆಯ ಗಂಟನ್ನೂ ತಂದಿದ್ದಳು. ನಲ್ಲಿಯಲ್ಲಿ ನೀರು ಬರುವುದನ್ನು ನನ್ನ ಮಗಳು ನಿಂತು ನೋಡಿದಳು. ಝಾಂಬಿಯಾದವರ ಕೋಣೆ ಯಾವಾಗಲೂ ಗಲಗಲ ಎನ್ನುತ್ತದೆ ಎಂದು ಪಕ್ಕದ ಕೋಣೆಯ ಶ್ರೀಲಂಕಾದ ಹುಡುಗಿ ದೂರಲಿಲ್ಲ, ಬದಲಿಗೆ ಅಮ್ಮ ತಂದ ಕೋಡುಬಳೆ ತಿನ್ನಲು ದಿನಾ ಬರುತ್ತಿದ್ದಳು. ನಮ್ಮ ಮನೆಯವರೆಲ್ಲ ಅಷ್ಟು ಖುಷಿಯಾಗಿ ಒಟ್ಟಿಗಿದ್ದ ವಾರ ಮತ್ತೊಂದಿಲ್ಲ.

ಪೆರಂಬೂರಿನ ಹುಡುಗಿಗೂ ಚಿಕ್ಕಮ್ಮನಿಗೂ ಆಟ ಬಂತು. ಆ ಬೆಳಿಗ್ಗೆ ನಾನು ಕೇಳಿಯೇಬಿಟ್ಟೆ, ಅವಳಿಗಾಗಿ ಒಂದು ವರ್ಷವನ್ನೇ ಬಿಟ್ಟುಕೊಟ್ಟಿದ್ದೀಯ, ಆಟವನ್ನೂ ಬಿಟ್ಟುಕೊಡುತ್ತೀಯಾ ಎಂದು.

ಚಿಕ್ಕಮ್ಮ ನನ್ನನ್ನು ಕೆಕ್ಕರಿಸಿ ನೋಡಿದಳು. ಅವಳಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಸುಮ್ಮನೆ ಸೋಲೋಕೆ ಹೋದ್ರೆ ನಾನು ಆ ದೇಶದವಳೂ ಅಲ್ಲ, ಈ ದೇಶದವಳೂ ಅಲ್ಲ. ಬರೀ ಸೀರೆ ಉಟ್ಟ ಬೊಂಬೆ. ಅವಳಿಗೆ ಬೇಕಾಗಿರೋದು ಎದುರಾಳಿ ಕಣೇ."

ಆಟಗಾರರ ಜೊತೆಯವರನ್ನು ಒಳಗೆ ಬಿಡುವುದಿಲ್ಲ. ಹೊರಗಿನ ವರಾಂಡದಲ್ಲಿ ನಾನು, ಹುಡುಗಿಯ ತಾಯಿ ಒಂದೇ ಬೆಂಚಿನಲ್ಲಿ ಕೂತೆವು. ಅವಳು ಟಿಫನ್ ಡಬ್ಬಿ ತೆರೆದು ಮೊಸರನ್ನ ಕೊಟ್ಟಳು, ನಾನು ಚಿತ್ರಾನ್ನ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಹುಡುಗಿ ಬಂದಳು. ಮುಖ ಕೆಂಪಗಾಗಿತ್ತು. ಚಿಕ್ಕಮ್ಮ ಗೆದ್ದಿದ್ದಳು. ಆ ತಾಯಿ ಎದ್ದು ಡಬ್ಬಿಯ ಮುಚ್ಚಳ ಹಾಕಿ, ಬೆಂಚಿನ ಆ ತುದಿಗೆ ಹೋಗಿ ಕೂತಳು. ಎರಡು ದಿನ ನನ್ನ ಕಡೆ ತಿರುಗಲಿಲ್ಲ. ಲೆಕ್ಕಕ್ಕೆಂದು ಕರೆದವಳು ಲೆಕ್ಕ ತಪ್ಪಿಸಿದಳಲ್ಲ ಎಂದು ಸೆಕ್ರೆಟರಿಯೂ ತಲೆ ಕೆರೆದುಕೊಂಡರು. ನನಗೆ ಒಳಗೊಳಗೇ ಹೆಮ್ಮೆ, ಆ ಹುಡುಗಿಯ ಮುಖ ನೆನೆದರೆ ಸಂಕಟ.

ಹುಡುಗಿ ಅತ್ತು ಕೂರಲಿಲ್ಲ. ಉಳಿದ ಆಟಗಳನ್ನು ಪಟ್ಟು ಹಿಡಿದು ಗೆದ್ದಳು. ಕೊನೆಯ ದಿನ ಅವಳಿಗೆ ಡ್ರಾ ಸಾಕಿತ್ತು, ಅದನ್ನೂ ಗೆದ್ದುಕೊಂಡೇ ಬಂದಳು. ನಾರ್ಮ್ ಆಯಿತು. ವರಾಂಡದಲ್ಲಿ ಅವಳ ತಾಯಿ ಮೊದಲು ಮಗಳನ್ನು ಅಪ್ಪಿ ಅತ್ತಳು, ಆಮೇಲೆ ಚಿಕ್ಕಮ್ಮನನ್ನು ಅಪ್ಪಿ ಅತ್ತಳು, ಕೊನೆಗೆ ಹತ್ತಿರವಿದ್ದೆನೆಂದು ನನ್ನನ್ನೂ ಅಪ್ಪಿಕೊಂಡಳು. ಸೆಕ್ರೆಟರಿ ಮೂರು ಪೆನ್ನುಗಳಲ್ಲಿ ಯಾವುದು ಬರೆಯುತ್ತದೆ ಎಂದು ಹುಡುಕುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ಹುಡುಗಿ ಚಿಕ್ಕಮ್ಮನ ಕಾಲಿಗೆ ಬಿದ್ದಳು. ಚಿಕ್ಕಮ್ಮ ಅವಳ ಕಿವಿ ಹಿಂಡಿ, ನನ್ನ ಜೊತೆ ಆಡುವಾಗ ರಾಣಿಯನ್ನು ಅಷ್ಟು ಬೇಗ ಯಾಕೆ ಹೊರಗೆ ತಂದೆ ಎಂದು ಗದರಿದಳು. ಅದನ್ನು ತಮಿಳಿಗೆ ಹೇಳಲು ನಾನೇ ಬೇಕಾಯಿತು, ಚೆಸ್ ಬಾರದವಳು.

ಹೊರಡುವಾಗ ಸೆಕ್ರೆಟರಿ ಮೇಜಿನ ಮೇಲಿನ ಹಸಿರು ಬಾವುಟವನ್ನು ಚಿಕ್ಕಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡಳು. "ನನ್ನನ್ನ ಆಟಕ್ಕೆ ಅಂತ ಮೊದಲು ಕರೆದ ದೇಶ ಇದು. ಬೇರೆ ಕಡೆಗೆ ಹೋಗ್ತೀನಿ ಅಂತ ಇದನ್ನ ಹಗುರ ಮಾಡಬಾರದು," ಎಂದಳು. ಮರುದಿನವೇ ಕಾಗದಗಳನ್ನು ಮುಂದೆ ಕಳಿಸಲು ಹೇಳಿದಳು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಅವಳ ಹೆಸರಿನ ಪಕ್ಕದ ಮೂರಕ್ಷರ ಬದಲಾಯಿತು. ಬ್ರೌಸಿಂಗ್ ಸೆಂಟರ್‌ನಲ್ಲಿ ಅದನ್ನು ನೋಡಿ ನಾನು ಕೂಗಿದ್ದಕ್ಕೆ ಪಕ್ಕದಲ್ಲಿ ರಿಸಲ್ಟ್ ನೋಡುತ್ತಿದ್ದ ಹುಡುಗರೂ ಚಪ್ಪಾಳೆ ತಟ್ಟಿದರು. ಮರುವರ್ಷ ಅವಳು ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ಹೇಗೋ ತೆವಳಿಕೊಂಡು ರಾಷ್ಟ್ರೀಯ ಪಂದ್ಯಕ್ಕೂ ಹೋದಳು. ಅಲ್ಲಿ ಅವಳಿಗೆ ಸಿಕ್ಕಿದ್ದು ಅವಳು ಕೇಳಿಕೊಂಡಿದ್ದ ಹಾಗೆ ಕೊನೆಯ ಮೇಜುಗಳಲ್ಲೊಂದೇ. ಅದರ ಫೋಟೋ ನಮ್ಮ ಮನೆಯಲ್ಲಿದೆ. ಆದರೆ ನನಗೆ ಕಣ್ಣಿಗೆ ಕಟ್ಟಿದ ಹಾಗಿರುವುದು ಜಿಲ್ಲಾ ಆಯ್ಕೆಯ ಮೊದಲ ದಿನ.

ಅಣ್ಣಾ ನಗರದ ಒಂದು ಶಾಲೆಯಲ್ಲಿ ಆಟ. ಎ.ಸಿ. ಇಲ್ಲ, ಬಾವುಟವಿಲ್ಲ, ಕರೆದು ಕೂರಿಸುವವರಿಲ್ಲ. ತರಗತಿಯ ಬೆಂಚುಗಳನ್ನು ಎದುರುಬದುರು ಹಾಕಿದ್ದರು. ಬಂದವರಲ್ಲಿ ಹೆಚ್ಚಿನವರು ಶಾಲೆಯ ಹುಡುಗಿಯರೇ. ಹೆಸರು ಬರೆದುಕೊಳ್ಳುತ್ತಿದ್ದ ತರುಣ ತೀರ್ಪುಗಾರ ಚಿಕ್ಕಮ್ಮನನ್ನು ನೋಡಿ, ಮೊಮ್ಮಗಳು ಎಲ್ಲಿ ಎಂದು ಕೇಳಿದ. ಆಡುವವರು ಅವರೇ ಎಂದೆ. ಅವನು ಬರೆದುಕೊಂಡು, ಎಣಿಸಿ, ಮತ್ತೆ ಎಣಿಸಿ ನಾಲಿಗೆ ಕಚ್ಚಿದ. ಚಿಕ್ಕಮ್ಮ ಸೇರಿದ್ದರಿಂದ ಸಂಖ್ಯೆ ಬೆಸವಾಗಿತ್ತು. ಜೋಡಿ ಸಿಗದೆ ಒಬ್ಬರು ಮೊದಲ ಸುತ್ತು ಸುಮ್ಮನೆ ಕೂರಬೇಕು. ಅವನು ಗೌರವದಿಂದಲೇ, ದೊಡ್ಡವರು ಈ ಒಂದು ಸುತ್ತು ಫ್ಯಾನ್ ಕೆಳಗೆ ವಿಶ್ರಾಂತಿ ತೆಗೆದುಕೊಂಡರೆ ಎಲ್ಲರಿಗೂ ಅನುಕೂಲ ಎಂದು ನನಗೆ ಹೇಳಿದ.

ಯಾರಿಗೆ ಎಲ್ಲಿ ಅನುಕೂಲವೋ ಅಲ್ಲಿ ಕೂತು ಜೀವನ ಕಳೆದವಳು ಚಿಕ್ಕಮ್ಮ. ಹೂಂ ಎನ್ನುತ್ತಾಳೆ ಎಂದುಕೊಂಡು ನಾನೇ ಜಗಳಕ್ಕೆ ಸೆರಗು ಕಟ್ಟಿದೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಅವಳ ದನಿ ಬಂತು. ಕನ್ನಡವಲ್ಲ.

"ನಾನ್ ವಿಳೈಯಾಡ ವಂದಿರುಕ್ಕೇನ್, ತಂಬಿ."

ಆಡೋಕೆ ಬಂದಿದೀನಪ್ಪ ಎಂದು. ಅಷ್ಟು ವರ್ಷ ನಾಲಿಗೆ ತಿರುಗುವುದಿಲ್ಲ ಎಂದವಳು, ಒಂದಕ್ಷರವೂ ತಪ್ಪದೆ ಹೇಳಿದಳು. ನಾನು ಕಟ್ಟಿದ ಸೆರಗು ಬಿಚ್ಚಿದೆ. ತರುಣ ಸಾರಿ ಕೇಳಿ, ನಿಯಮದಂತೆ ಬೇರೆ ಯಾರನ್ನೋ ಕೂರಿಸಿ, ಚಿಕ್ಕಮ್ಮನಿಗೆ ಬೆಂಚು ತೋರಿಸಿದ. ಎದುರಿಗೆ ಎರಡು ಜಡೆಯ, ಹಲ್ಲು ಬಿದ್ದ ಹುಡುಗಿ, ಒಂಬತ್ತು ವರ್ಷವಿರಬಹುದು. ಬೆಂಚು ಚಿಕ್ಕದಾಗಿ ಚಿಕ್ಕಮ್ಮನ ಮೊಣಕಾಲು ಹಿಡಿಸುತ್ತಿರಲಿಲ್ಲ. ಹೇಗೋ ಮಡಿಸಿಕೊಂಡು ಕೂತು, ಆ ಮಗುವಿ‌ಗೆ ಕೈ ಚಾಚಿದಳು.

ನಾನು ಹೊರಗೆ ಮರದ ಕೆಳಗೆ ಕಾದೆ. ಬಿಸಿಲು ನೆತ್ತಿಗೇರಿದ ಮೇಲೆ ಅವಳು ಬಂದಳು. ಮುಖ ಅರಳಿತ್ತು, ಕಣ್ಣು ಒದ್ದೆಯಾಗಿತ್ತು. ಗೆದ್ದಳೆಂದು ನಾನು ಎದ್ದು ಓಡಿದೆ.

"ಸೋತೆ ಕಣೇ," ಎಂದಳು.

"ಅಯ್ಯೋ! ಯಾರ ಕೈಲಿ?"

ಚಿಕ್ಕಮ್ಮ ಒಳಗೆ ಕಾಯಿಗಳನ್ನು ಡಬ್ಬಿಗೆ ತುಂಬುತ್ತಿದ್ದ ಆ ಎರಡು ಜಡೆಯ ಹುಡುಗಿಯನ್ನು ತೋರಿಸಿದಳು.

"ನಮ್ಮ ಜಿಲ್ಲೆಯವಳೇ ಕಣೇ. ಏನು ಚೆನ್ನಾಗಿ ಆಡ್ತಾಳೆ ಗೊತ್ತಾ!"